ಫಿರಂಗಿ ಇದ್ದ ಮನೆಯಲ್ಲಿ ಪಟ್ಟೆ, ಪಿಂಗಾಣಿ, ಬೆಳ್ಳಿ: ವಿಲ್ನಿಯಸ್‌ನ ಹಳೆಯ ಶಸ್ತ್ರಾಗಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓದಲೆಂದೋ ಕೆಲಸಕ್ಕೆಂದೋ ಲಿಥುವೇನಿಯಾಕ್ಕೆ ಹೋದ ಕನ್ನಡಿಗರು, ಬಾಲ್ಟಿಕ್ ದೇಶಗಳ ಪ್ರವಾಸಕ್ಕೆ ಹೊರಟವರು ಈ ಸಂಗ್ರಹಾಲಯದ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನನಗೆ ಬಹಳ ಇಷ್ಟವಾದ ಜಾಗ ಇದು. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಇದು ಯಾವ ಸಂಗ್ರಹಾಲಯ? ಎಲ್ಲಿದೆ?

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ, ಗೆದಿಮಿನಾಸ್ ಗುಡ್ಡದ ಬುಡದಲ್ಲಿ, ಆರ್ಸೆನಾಲೊ ಎಂಬ ಬೀದಿಯಲ್ಲಿದೆ. ಅನ್ವಯಿಕ ಕಲೆ ಮತ್ತು ವಿನ್ಯಾಸ ಸಂಗ್ರಹಾಲಯ ಎಂದು ಅದರ ಹೆಸರು. ಲಿಥುವೇನಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದ ಶಾಖೆಗಳಲ್ಲಿ ಇದೂ ಒಂದು. 1987ರಲ್ಲಿ ಬಾಗಿಲು ತೆರೆಯಿತು. ಕಟ್ಟಡ ಮಾತ್ರ ಅದಕ್ಕಿಂತ ನಾನೂರು ವರ್ಷ ಹಳೆಯದು, ಲಿಥುವೇನಿಯಾದ ಮಹಾರಾಜರ ಫಿರಂಗಿಗಳನ್ನು ಇಟ್ಟಿದ್ದ ಶಸ್ತ್ರಾಗಾರ. ವಿಲ್ನಿಯಾ ಎಂಬ ಪುಟ್ಟ ಹೊಳೆ ನೆರಿಸ್ ನದಿಯನ್ನು ಕೂಡುವ ಜಾಗ ಅಲ್ಲಿಂದ ನಾಲ್ಕು ಹೆಜ್ಜೆ.

ಮ್ಯಾಪಿನಲ್ಲಿ ಎರಡು ಶಸ್ತ್ರಾಗಾರ ಕಾಣುತ್ತವಲ್ಲ, ಯಾವುದಕ್ಕೆ ಹೋಗಬೇಕು?

ಇಲ್ಲಿ ಬಹಳ ಜನ ಎಡವುತ್ತಾರೆ. ಒಂದೇ ಗುಡ್ಡದ ಬುಡದಲ್ಲಿ 'ಸೆನಾಸಿಸ್ ಆರ್ಸೆನಾಲಸ್' ಮತ್ತು 'ನೌಯಾಸಿಸ್ ಆರ್ಸೆನಾಲಸ್' ಎರಡೂ ಇವೆ. ಮೊದಲನೆಯದು ಹಳೆಯ ಶಸ್ತ್ರಾಗಾರ, ಎರಡನೆಯದು ಹೊಸದು. ನೆನಪಿಟ್ಟುಕೊಳ್ಳುವುದು ನಮಗೆ ಕಷ್ಟವಿಲ್ಲ. ಲಿಥುವೇನಿಯನ್ ಭಾಷೆಯ 'ಸೆನಾಸ್' ಅಂದರೆ ಹಳೆಯದು, ನಮ್ಮ 'ಸನಾತನ'ದೊಳಗಿರುವ ಸಂಸ್ಕೃತದ 'ಸನ' ಅದರ ಬಳಗ. 'ನೌಯಾಸ್' ಅಂದರೆ ಹೊಸದು, ಅದು 'ನವ'ದ ಬಳಗ. ಅಲಂಕಾರಿಕ ಕಲೆ ಇರುವುದು ಸನಾತನದಲ್ಲಿ. ಹೊಸ ಶಸ್ತ್ರಾಗಾರದಲ್ಲಿ ಇರುವುದು ಇತಿಹಾಸಕ್ಕೆ ಮೀಸಲಾದ ಲಿಥುವೇನಿಯಾ ರಾಷ್ಟ್ರೀಯ ಸಂಗ್ರಹಾಲಯ. ಅದರ ಎದುರಿಗೆ 1253ರಲ್ಲಿ ಪಟ್ಟಕ್ಕೇರಿದ ದೊರೆ ಮಿಂದೌಗಾಸನ ಪ್ರತಿಮೆ ಇದೆ. ಪ್ರತಿಮೆ ಕಂಡರೆ ನೀವು ಇನ್ನೂ ಹೊಸ ಶಸ್ತ್ರಾಗಾರದ ಬಳಿಯೇ ಇದ್ದೀರಿ ಎಂದುಕೊಳ್ಳಿ.

ಮದ್ದುಗುಂಡು ಇಡುವ ಮನೆಗೂ ಕುಸುರಿ ಕೆಲಸಕ್ಕೂ ಎತ್ತಣಿಂದೆತ್ತ ಸಂಬಂಧ?

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಸಂಬಂಧ ಹೆಸರಿನಲ್ಲೇ ಇದೆ. 'ಆರ್ಸೆನಲ್' ಎಂಬ ಪದದ ಬೇರು ಅರಬ್ಬಿಯ 'ದಾರ್ ಅಸ್-ಸಿನಾಅ'. ದಾರ್ ಅಂದರೆ ಮನೆ, ಸಿನಾಅ ಅಂದರೆ ಕಸುಬು, ತಯಾರಿಕೆ. ಕಸುಬಿನ ಮನೆ! ಮೆಡಿಟರೇನಿಯನ್ ಕಡಲಿನ ವ್ಯಾಪಾರಿಗಳ ಬಾಯಲ್ಲಿ ಸವೆದು, ವೆನಿಸ್ ನಗರದ ಹಡಗು ಕಟ್ಟುವ ಅಂಗಳಕ್ಕೆ ಹೆಸರಾಗಿ, ಆಮೇಲೆ ಯುರೋಪಿನ ಭಾಷೆಗಳಿಗೆಲ್ಲ ಹರಡಿತು. ಆಯುಧ ಕೂಡಿಡುವ ಜಾಗ ಎಂಬ ಅರ್ಥ ಬಂದದ್ದು ನಂತರ. ಮೊದಲಿಗೆ ಅದು ಕೈಕೆಲಸದವರ ಜಾಗ.

ಇನ್ನು ಫಿರಂಗಿಯನ್ನೇ ನೋಡಿ. 16ನೇ ಶತಮಾನದ ನಡುವಿನಲ್ಲಿ ದೊರೆ ಸಿಗಿಸ್ಮಂಡ್ ಆಗಸ್ಟಸ್ ವಿಲ್ನಿಯಸ್‌ನಲ್ಲಿ ಫಿರಂಗಿ ಎರಕದ ಕಾರ್ಖಾನೆ ನಡೆಸುತ್ತಿದ್ದ. ಆ ಕಾಲದ ಫಿರಂಗಿ ಕಂಚಿನದು, ಅಂದರೆ ತಾಮ್ರಕ್ಕೆ ತವರ ಬೆರೆಸಿದ್ದು. ಚರ್ಚಿನ ಗಂಟೆಯೂ ಅದೇ ಕಂಚಿನದು, ಬೆರಕೆಯ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ. ಮಣ್ಣಿನ ಅಚ್ಚು ಕಟ್ಟುವುದು, ಒಣಗಿಸುವುದು, ಒಂದೇ ಬಾರಿಗೆ ಲೋಹ ಹೊಯ್ಯುವುದು ಎರಡಕ್ಕೂ ಒಂದೇ ವಿದ್ಯೆ. ಯುರೋಪಿನ ಎಷ್ಟೋ ಊರುಗಳಲ್ಲಿ ಗಂಟೆ ಎರೆದ ಕೈಗಳೇ ಫಿರಂಗಿಯನ್ನೂ ಎರೆದವು. ಯುದ್ಧ ಬಂದಾಗ ಗಂಟೆ ಕರಗಿ ಫಿರಂಗಿಯಾದದ್ದೂ ಉಂಟು. ಫಿರಂಗಿಯ ಮೈಮೇಲೆ ರಾಜಲಾಂಛನ, ಬಳ್ಳಿ, ಬರಹಗಳನ್ನು ಮೂಡಿಸುತ್ತಿದ್ದರು. ಗುಂಡು ಹಾರಿಸಲು ಬಳ್ಳಿ ಬೇಕಿರಲಿಲ್ಲ. ಆದರೂ ಮೂಡಿಸಿದರು. ಆ ಬಳ್ಳಿ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದ ಅಲಂಕಾರಿಕ ಕಲೆ ಶುರುವಾಗುತ್ತದೆ. ಹಾಗಾಗಿ ಈ ಕಟ್ಟಡಕ್ಕೆ ಹೊಸ ವೇಷ ಹಾಕಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಕಸುಬಿನ ಮನೆಗೆ ಕಸುಬು ವಾಪಸು ಬಂದಿದೆ.

ಕಟ್ಟಡದ ಕಥೆಯನ್ನು ಸ್ವಲ್ಪ ಹೇಳುತ್ತೀರಾ?

ವಿಲ್ನಿಯಸ್‌ನ ಹೆಸರು ಬರವಣಿಗೆಯಲ್ಲಿ ಮೊದಲು ಸಿಗುವುದು 1323ರಲ್ಲಿ, ಮಹಾರಾಜ ಗೆದಿಮಿನಾಸ್ ಬರೆಸಿದ ಪತ್ರಗಳಲ್ಲಿ. ಗುಡ್ಡದ ಮೇಲೆ ಮೇಲ್ಕೋಟೆ, ಬುಡದಲ್ಲಿ ಕೆಳಕೋಟೆ. ಕೆಳಕೋಟೆಯೊಳಗೆ ಅರಮನೆ, ದೊಡ್ಡ ಚರ್ಚು, ಇವೆರಡರ ಜೊತೆ ಶಸ್ತ್ರಾಗಾರ.

ಈಗ ನಾವು ನೋಡುವ ರೂಪದ ಮೂಲ ಇರುವುದು 16ನೇ ಶತಮಾನದಲ್ಲಿ. ದೊರೆ ಹಿರಿಯ ಸಿಗಿಸ್ಮಂಡ್ 1518ರಲ್ಲಿ ಇಟಲಿಯ ಬೋನಾ ಸ್ಫೋರ್ಜಾಳನ್ನು ಮದುವೆಯಾದ. ಅವಳ ಹಿಂದೆಯೇ ಇಟಲಿಯ ರುಚಿ, ಶಿಲ್ಪಿಗಳು, ಕಟ್ಟುವ ರೀತಿ ಎಲ್ಲವೂ ಉತ್ತರಕ್ಕೆ ಬಂದವು. ಅವರ ಮಗ ಸಿಗಿಸ್ಮಂಡ್ ಆಗಸ್ಟಸ್ ವಿಲ್ನಿಯಸ್‌ನಲ್ಲೇ ಹೆಚ್ಚು ಕಾಲ ಇದ್ದವನು, ಪುಸ್ತಕ, ಆಭರಣ, ಚಿತ್ರದ ನೇಯ್ಗೆಯ ಗೋಡೆಹಾಸುಗಳ ಹುಚ್ಚು ಹಿಡಿದಿದ್ದವನು. ಅವನ ಕಾಲದಲ್ಲಿ ಶಸ್ತ್ರಾಗಾರ ಬೆಳೆಯಿತು, 17ನೇ ಶತಮಾನದ ಆರಂಭದಲ್ಲಿ ಮತ್ತೆ ವಿಸ್ತರಿಸಿತು. ಅದು ತುಂಬಿ ತುಳುಕುತ್ತಿದ್ದ ದಿನಗಳಲ್ಲಿ ಅಲ್ಲಿ ಸುಮಾರು 180 ದೊಡ್ಡ ಫಿರಂಗಿಗಳಿದ್ದವು ಎಂದು ಆ ಕಾಲದವರು ಹೇಳಿದ್ದಾರೆ.

1655ರಲ್ಲಿ ಮಾಸ್ಕೋದ ಸೈನ್ಯ ಊರನ್ನು ಹಿಡಿಯಿತು. 1661ರವರೆಗೂ ಬಿಡಲಿಲ್ಲ. ಆ ಆರು ವರ್ಷಗಳಲ್ಲಿ ಕೆಳಕೋಟೆ ಹಾಳು ಸುರಿಯುವ ಹಾಗಾಯಿತು, ಆಮೇಲೆ ಪೂರ್ತಿಯಾಗಿ ಚೇತರಿಸಿಕೊಳ್ಳಲೇ ಇಲ್ಲ. 1795ರಲ್ಲಿ ದೇಶ ರಷ್ಯಾದ ಸಾಮ್ರಾಜ್ಯಕ್ಕೆ ಸೇರಿದ ಮೇಲೆ ಪಕ್ಕದ ಅರಮನೆಯನ್ನೇ ಕೆಡವಿದರು. ಶಸ್ತ್ರಾಗಾರ ಸಿಪಾಯಿಗಳ ಬಿಡಾರವಾಗಿ ಉಳಿದುಕೊಂಡಿತು. ಎರಡನೆಯ ಮಹಾಯುದ್ಧ ಅದನ್ನೂ ಬಿಡಲಿಲ್ಲ, ಯುದ್ಧ ಮುಗಿಯುವ ಹೊತ್ತಿಗೆ ಅದು ಮುರುಕು ಗೋಡೆಗಳ ಗುಂಪು. 1970ರ ದಶಕದಲ್ಲಿ ಜೀರ್ಣೋದ್ಧಾರದ ಕೆಲಸ ಹಿಡಿದರು. ಸಾವಧಾನವಾಗಿ, ಮಣ್ಣು ಅಗೆದು ಅಗೆದು ನೋಡುತ್ತಾ, ಹತ್ತು ವರ್ಷಕ್ಕೂ ಮೀರಿ ಕೆಲಸ ನಡೆಯಿತು.

ಹಾಗಾದರೆ ಈಗ ಕಾಣುವುದರಲ್ಲಿ ಹಳೆಯದೆಷ್ಟು, ಹೊಸದೆಷ್ಟು?

ಮೇಲಿನ ರೂಪ, ಕೆಂಪು ಹೆಂಚಿನ ಮಾಡು, ಕಿಟಕಿಗಳ ಸಾಲು, ಇವೆಲ್ಲ ಉಳಿದಿದ್ದ ಗುರುತುಗಳನ್ನು ಹಿಡಿದು ಮತ್ತೆ ಕಟ್ಟಿದ್ದು. ಅದರೊಳಗೆ ಮೂಲ ಗೋಡೆಯ ಭಾಗಗಳು ಸೇರಿಕೊಂಡಿವೆ. ಅಗೆತದಲ್ಲಿ ಶಸ್ತ್ರಾಗಾರಕ್ಕಿಂತಲೂ ಹಳೆಯದಾದ ಕೋಟೆಗೋಡೆಯ ಅವಶೇಷ ಸಿಕ್ಕಿತು. ಅದನ್ನು ಮುಚ್ಚದೆ ನೋಡುವವರಿಗೆ ಕಾಣುವಂತೆ ಬಿಟ್ಟಿದ್ದಾರೆ. ಪಿಂಗಾಣಿ ನೋಡುವ ಆತುರದಲ್ಲಿ ಅದನ್ನು ದಾಟಿ ಹೋಗಬೇಡಿ. ಒರಟು ಕಲ್ಲು, ನಡುನಡುವೆ ಇಟ್ಟಿಗೆ, ಸುಣ್ಣದ ಗಾರೆ. ಈ ಸಂಗ್ರಹಾಲಯದ ಅತ್ಯಂತ ಹಳೆಯ ಕೈಕೆಲಸ ಇರುವುದು ಗಾಜಿನ ಪೆಟ್ಟಿಗೆಯಲ್ಲಲ್ಲ, ಗೋಡೆಯಲ್ಲಿ.

ಗಾರೆಯ ಮಾತು ಬಂದಿದ್ದರಿಂದ ಒಂದು ವಿಷಯ ಹೇಳಲೇಬೇಕು. ಹಳೆಯ ಇಟ್ಟಿಗೆಯ ಗೋಡೆ ಉಸಿರಾಡುತ್ತದೆ. ನೆಲದಿಂದ ಏರಿದ ತೇವ ಸುಣ್ಣದ ಗಾರೆಯ ಸಂದಿಗಳಿಂದ ಹೊರಗೆ ಹೋಗುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವಕ್ಕೆ ದಾರಿ ಕಟ್ಟುತ್ತದೆ, ಜೊತೆಗೆ ಬಂದ ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಚಳಿ ದೇಶದಲ್ಲಾದರೆ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಗೋಡೆಯನ್ನೇ ಸೀಳುತ್ತದೆ. ನಮ್ಮೂರ ಗುಡಿಗೋಪುರಗಳಿಗೆ, ಹಳೆಯ ಮನೆಗಳಿಗೆ ಸಿಮೆಂಟು ಬಳಿದು "ಗಟ್ಟಿಯಾಯಿತು" ಎಂದು ಸಂತೋಷ ಪಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ಹಾಕಿ ಕೊಳೆಸಿ ಗಾರೆ ಅರೆಯುತ್ತಿದ್ದ ಹಿರಿಯರಿಗೆ ಕಟ್ಟಡದ ಆರೋಗ್ಯ ಚೆನ್ನಾಗಿ ಗೊತ್ತಿತ್ತು.

'ಅಲಂಕಾರಿಕ ಕಲೆ' ಅಂದರೆ ಏನು? ಚಿತ್ರಕಲೆ, ಶಿಲ್ಪಕ್ಕಿಂತ ಒಂದು ಮೆಟ್ಟಿಲು ಕೆಳಗಿನದೇ?

ಬಳಸುವ ವಸ್ತುವನ್ನು ಚೆಂದವಾಗಿ ಮಾಡುವುದು ಅಲಂಕಾರಿಕ ಕಲೆ. ಬಟ್ಟಲು, ಕುರ್ಚಿ, ಬೀಗ, ನಡುಪಟ್ಟಿ, ಪಾದ್ರಿಯ ಪೂಜಾವಸ್ತ್ರ, ಗಡಿಯಾರದ ಕವಚ, ಮನೆ ಬೆಚ್ಚಗಿಡುವ ಒಲೆಯ ಮೈಗೆ ಹೊದಿಸುವ ಹೆಂಚು. ಅನ್ವಯಿಕ ಕಲೆ ಎಂದರೂ ಅದೇ.

ಮೆಟ್ಟಿಲಿನ ಲೆಕ್ಕ ಹಾಕಿದ್ದು ಯುರೋಪಿನ ಕಲಾಶಾಲೆಗಳು. ಚಿತ್ರಕಾರ ಮೇಲೆ, ಕುಂಬಾರ ಕೆಳಗೆ. ನಾನು ಆ ಲೆಕ್ಕವನ್ನು ಒಪ್ಪುವುದಿಲ್ಲ. ಬಟ್ಟಲು ಮಾಡುವವನಿಗೆ ಚಿತ್ರಕಾರನಿಗಿಂತ ಒಂದು ಕಟ್ಟು ಹೆಚ್ಚು: ಚೆಂದ ಕಂಡರೆ ಸಾಲದು, ನೀರು ಸೋರಬಾರದು. ಈ ಪ್ರಶ್ನೆ ಕೇಳುವವರಿಗೆ ನಾನು ಮರಳಿ ಕೇಳುವುದು ಒಂದೇ. ನಿಮ್ಮ ಮನೆಯ ಹಿತ್ತಾಳೆಯ ಚೊಂಬಿನ ಕಂಠವನ್ನು ಎಂದಾದರೂ ನೋಡಿದ್ದೀರಾ? ಬೆರಳು ಎಷ್ಟು ಸರಿಯಾಗಿ ಕೂರುತ್ತದೆ ಅಲ್ಲಿ!

ಫಿರಂಗಿ, ಕತ್ತಿ, ಗುರಾಣಿ ನೋಡಲು ಸಿಗುತ್ತವೆಯೇ?

ಅದಕ್ಕಾಗಿಯೇ ಹೋಗುವುದಾದರೆ ಈ ಮನೆ ಬೇಡ. ಕೌನಾಸ್ ನಗರದಲ್ಲಿ ಮಹಾರಾಜ ವಿತೌತಾಸನ ಹೆಸರಿನ ಯುದ್ಧ ಸಂಗ್ರಹಾಲಯವಿದೆ, ಅಲ್ಲಿಗೆ ಹೋಗಿ.

ಒಂದೇ ಒಂದು ಬಗೆಯ ವಸ್ತುವನ್ನು ನೋಡಲು ಸಮಯವಿದ್ದರೆ ಯಾವುದನ್ನು ನೋಡಲಿ?

ಸ್ಲುತ್ಸ್ಕ್ ನಡುಪಟ್ಟಿ. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಆದರೂ ಈ ಬಗೆಯ ಪಟ್ಟಿ ಎಲ್ಲಿಯಾದರೂ ಕಣ್ಣಿಗೆ ಬಿದ್ದರೆ ಅದರ ಮುಂದೆ ನಿಂತುಬಿಡಿ.

18ನೇ ಶತಮಾನದಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಒಂದೇ ಒಕ್ಕೂಟ. ಅಲ್ಲಿನ ಜಹಗೀರುದಾರರು ತಾವು ಪೂರ್ವದಿಂದ ಬಂದ ಸರ್ಮೇಷಿಯನ್ ವೀರರ ವಂಶದವರು ಎಂದು ನಂಬಿದ್ದರು. ಹಾಗಾಗಿ ಅವರ ಉಡುಪೂ ಪೂರ್ವದ ಧಾಟಿಯದು: ಒಳಗೆ ಉದ್ದನೆಯ ಅಂಗಿ, ಮೇಲೆ ಕೊಂತುಷ್ ಎಂಬ ನಿಲುವಂಗಿ, ಅದರ ಸುತ್ತ ಮೂರು ನಾಲ್ಕು ಮೀಟರ್ ಉದ್ದದ ರೇಷ್ಮೆಯ ನಡುಪಟ್ಟಿ. ಮೊದಮೊದಲು ಈ ಪಟ್ಟಿಗಳು ಪರ್ಷಿಯಾ ಮತ್ತು ಟರ್ಕಿಯಿಂದ ಬರುತ್ತಿದ್ದವು. ಅವುಗಳ ಹಿಂದೆ ನಮ್ಮ ದೇಶದ ಪಟ್ಕಾ ಇದೆ. ಮೊಗಲರ ಕಾಲದ ಚಿತ್ರಗಳಲ್ಲಿ, ದಖನಿನ ಚಿತ್ರಗಳಲ್ಲಿ ದೊರೆ ಸರದಾರರೆಲ್ಲ ಸೊಂಟಕ್ಕೆ ಸುತ್ತಿ ಎರಡೂ ತುದಿಗಳನ್ನು ಮುಂದಕ್ಕೆ ಇಳಿಬಿಟ್ಟಿರುತ್ತಾರಲ್ಲ, ಅದೇ. ನಡುವೆ ಸಾದಾ ಅಥವಾ ಪಟ್ಟೆಯ ಮೈ, ತುದಿಯಲ್ಲಿ ಹೂಗಿಡಗಳ ಸಾಲು. ಆ ಕ್ರಮವೂ ಹಾಗೆಯೇ ಬಾಲ್ಟಿಕ್ ಕಡೆಗೆ ಹೋಯಿತು.

ಆಮದು ದುಬಾರಿ. ಆದ್ದರಿಂದ ಆ ಜಹಗೀರುದಾರರಲ್ಲೇ ಸೇರಿದ ರಾದ್ವಿಲಾ ಮನೆತನದವರು ಈಗಿನ ಬೆಲಾರುಸ್‌ನಲ್ಲಿರುವ ಸ್ಲುತ್ಸ್ಕ್ ಎಂಬ ತಮ್ಮ ಊರಿನಲ್ಲಿ ಮಗ್ಗಗಳನ್ನು ಹಾಕಿಸಿದರು. ಕಲಿಸಲು ಬಂದವನು ಪೂರ್ವದ ನೇಯ್ಗೆ ಬಲ್ಲ ಅರ್ಮೇನಿಯನ್ ಕಸುಬುದಾರ, ಯಾನ್ ಮಜಾರ್ಸ್ಕಿ. ಅವನ ನಂತರ ಅವನ ಮಗ ಲೆಯೋನ್ ನಡೆಸಿದ. ಅಲ್ಲಿನ ಪಟ್ಟಿಗಳಲ್ಲಿ ಅತ್ಯಂತ ಬೆಲೆಬಾಳುವುದು ನಾಲ್ಕು ಮುಖದ್ದು. ಪಟ್ಟಿಯ ಉದ್ದಕ್ಕೂ ಅರ್ಧ ಒಂದು ಬಣ್ಣ, ಇನ್ನರ್ಧ ಮತ್ತೊಂದು. ತಿರುಗಿಸಿದರೆ ಹಿಂದೆಯೂ ಬೇರೆ ಎರಡು ಬಣ್ಣ. ಉದ್ದಕ್ಕೆ ಮಡಚಿ ಕಟ್ಟಿಕೊಳ್ಳುತ್ತಿದ್ದುದರಿಂದ ಒಂದೇ ಪಟ್ಟಿ ನಾಲ್ಕು ಪಟ್ಟಿಯ ಕೆಲಸ ಮಾಡುತ್ತಿತ್ತು. ಹಬ್ಬಕ್ಕೆ ಹೊಳೆಯುವ ಮುಖ, ಸಾವಿನ ಮನೆಗೆ ಕಪ್ಪು ಮುಖ. ನೇಯ್ದ ಮೇಲೆ ಭಾರದ ಉರುಳೆಗಳ ನಡುವೆ ಹಾಯಿಸಿ ಒತ್ತುತ್ತಿದ್ದರು. ಚಿನ್ನ ಬೆಳ್ಳಿಯ ಎಳೆಗಳು ಚಪ್ಪಟೆಯಾಗಿ ಪಟ್ಟಿ ಪೂರ್ತಿ ಲೋಹದ ತಗಡಿನಂತೆ ಮಿನುಗುತ್ತಿತ್ತು. ಮೂಲೆಯಲ್ಲಿ ಊರಿನ ಹೆಸರನ್ನೂ ನೇಯ್ದಿರುತ್ತಾರೆ, ಹುಡುಕಿ ನೋಡಿ.

ಇಳಕಲ್ಲಿನ ಸೆರಗು, ಮೊಳಕಾಲ್ಮೂರಿನ ರೇಷ್ಮೆ ನೋಡಿ ಬೆಳೆದವರಿಗೆ ಆ ಎಳೆ ಹೊಸದಲ್ಲ. ರೇಷ್ಮೆಯ ಒಡಲಿಗೆ ಬೆಳ್ಳಿಯ ತೆಳು ತಂತಿ ಸುತ್ತಿ ಅದಕ್ಕೆ ಚಿನ್ನದ ಲೇಪ, ಅಂದರೆ ನಮ್ಮ ಜರಿಯೇ. ಪಟ್ಟಿಯ ಕಾಲ ಮುಗಿದ ಮೇಲೆ ಎಷ್ಟೋ ಪಟ್ಟಿಗಳನ್ನು ಚರ್ಚಿಗೆ ದಾನ ಕೊಟ್ಟರು. ಪಾದ್ರಿಗಳ ಪೂಜಾವಸ್ತ್ರಕ್ಕೆ ಅವುಗಳ ತುಂಡುಗಳನ್ನು ಜೋಡಿಸಿ ಹೊಲಿದರು. ಹಾಗಾಗಿ ಪೂಜಾವಸ್ತ್ರಗಳ ಮುಂದೆ ನಿಂತಾಗ ಹೊಲಿಗೆಯ ಗೆರೆಗಳನ್ನು ಗಮನಿಸಿ. ಒಂದು ಕಾಲದಲ್ಲಿ ಯಾರದೋ ಸೊಂಟದಲ್ಲಿದ್ದದ್ದು ಅಲ್ಲಿ ದೇವರ ಮುಂದೆ ಬಂದಿರುತ್ತದೆ. ನಮ್ಮ ಕಡೆ "ಹಳೆ ಜರಿ ಸೀರೆ ಕೊಳ್ತೀವಿ" ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಅಜ್ಜಿಯರ ಮದುವೆ ಸೀರೆಗಳನ್ನು ಕೊಟ್ಟುಬಿಟ್ಟೆವು. ಸುಟ್ಟು ಬೆಳ್ಳಿ ತೆಗೆದರು. ಆ ನೇಯ್ಗೆಗಳಲ್ಲಿ ಎಷ್ಟು ಬಗೆ ಕಳೆದುಹೋಯಿತೋ ಲೆಕ್ಕ ಇಟ್ಟವರಿಲ್ಲ.

ಬೆಳ್ಳಿ, ಗಾಜಿನ ವಸ್ತುಗಳಲ್ಲಿ ಏನನ್ನು ಗಮನಿಸಬೇಕು?

ಬೆಳ್ಳಿಯಲ್ಲಿ ಮುದ್ರೆಯನ್ನು. ವಿಲ್ನಿಯಸ್‌ನ ಅಕ್ಕಸಾಲಿಗರ ಸಂಘಕ್ಕೆ ಮಹಾರಾಜ ಅಲೆಕ್ಸಾಂಡರ್ 1495ರಲ್ಲೇ ಸನ್ನದು ಕೊಟ್ಟಿದ್ದ. ಸಂಘದವನಲ್ಲದವನು ಊರಲ್ಲಿ ಕಸುಬು ನಡೆಸುವ ಹಾಗಿರಲಿಲ್ಲ, ಕಲಿಯುವ ಹುಡುಗ ಒಡೆಯನಾಗಬೇಕಾದರೆ ಕೆಲಸ ಮಾಡಿ ತೋರಿಸಬೇಕಿತ್ತು. ಬಟ್ಟಲಿನ ತಳದಲ್ಲೋ ಅಂಚಿನಲ್ಲೋ ಇರುವ ಪುಟ್ಟ ಒತ್ತುಗುರುತು ಆ ಹೊಣೆಯ ರುಜು.

ಗಾಜಿಗೆ ಬಂದರೆ ರಾದ್ವಿಲಾ ಮನೆತನದ್ದೇ ನಾಲಿಬೋಕಿ ಮತ್ತು ಉರೆಚ್ಚೆ ಎಂಬ ಎರಡು ಕಾರ್ಖಾನೆಗಳ ಹೆಸರನ್ನು ನೆನಪಿಡಿ. ಎರಡೂ 18ನೇ ಶತಮಾನದ ಮೊದಲ ಭಾಗದಲ್ಲಿ ಶುರುವಾದವು. ಅವುಗಳ ಬೆನ್ನಿಗೆ ನಿಂತವಳು ಆನ್ನಾ ರಾದ್ವಿಲಾ ಎಂಬ ಹೆಣ್ಣುಮಗಳು. ಗಟ್ಟಿ ಗಾಜಿನ ಬಟ್ಟಲಿನ ಮೇಲೆ ಸಣ್ಣ ಚಕ್ರ ತಿರುಗಿಸಿ ಲಾಂಛನ, ಹೂಬಳ್ಳಿ ಕೊರೆದಿರುತ್ತಾರೆ. ಎದುರಿನಿಂದ ನೋಡಿದರೆ ಅದು ಮಂಕು. ಸ್ವಲ್ಪ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ.

ಹಳ್ಳಿಯ ಜನರ ಕೆಲಸವೂ ಇಲ್ಲಿದೆಯೇ, ಎಲ್ಲವೂ ರಾಜರದ್ದೇ?

ರಾಷ್ಟ್ರೀಯ ಕಲಾ ಸಂಗ್ರಹಾಲಯದ ಜನಪದ ಕಲೆಯ ಸಂಗ್ರಹಕ್ಕೂ ಈ ಕಟ್ಟಡ ಜಾಗ ಕೊಟ್ಟಿದೆ. ನನ್ನ ಮನಸ್ಸು ಹೆಚ್ಚು ತಂಗುವುದು ಅಲ್ಲಿಯೇ.

ಲಿಥುವೇನಿಯಾದ ಹಳ್ಳಿಗಳಲ್ಲಿ ಮರದಿಂದ ಸಂತರ, ಏಸುವಿನ, ಮಾತೆ ಮೇರಿಯ ಮೂರ್ತಿ ಕೆತ್ತುವವನನ್ನು 'ದಿಯೆವ್ದಿರ್ಬಿಸ್' ಎನ್ನುತ್ತಾರೆ. 'ದಿಯೆವಾಸ್' ಅಂದರೆ ದೇವ. ಅರ್ಥ ಹೇಳಬೇಕಿಲ್ಲ, ದೇವರನ್ನು ಮಾಡುವವನು. ಬೆಂಕಿಗೆ 'ಉಗ್ನಿಸ್', ಹೊಗೆಗೆ 'ದೂಮೈ', ಹಲ್ಲಿಗೆ 'ದಾಂತಿಸ್', ಜೇನಿಗೆ 'ಮೆದುಸ್' ಎನ್ನುವ ಭಾಷೆ ಅದು. ಅಗ್ನಿ, ಧೂಮ, ದಂತ, ಮಧು ಎಂದು ನಾವು ಸಂಸ್ಕೃತದಿಂದ ಪಡೆದ ಪದಗಳ ಒಡಹುಟ್ಟಿದವು ಇವು. ಇದರಿಂದ ಕನ್ನಡವೂ ಲಿಥುವೇನಿಯನ್ನೂ ಒಂದೇ ಕುಲದವು ಎಂದು ಹೇಳಿಬಿಡಬೇಡಿ. ಕನ್ನಡ ದ್ರಾವಿಡ ಭಾಷೆ, ನಂಟು ಇರುವುದು ಸಂಸ್ಕೃತದ ಮೂಲಕ. ಆದರೂ ದೂರದ ಊರಿನ ಹಲಗೆಯ ಮೇಲೆ ಪರಿಚಿತ ಮುಖ ಕಂಡಷ್ಟು ಖುಷಿಯಾಗುತ್ತದೆ.

ಈ ಮೂರ್ತಿಗಳಲ್ಲಿ 'ರೂಪಿಂತೊಯೇಲಿಸ್' ಎಂಬುದನ್ನು ತಪ್ಪದೆ ನೋಡಿ. ಕಲ್ಲಿನ ಮೇಲೆ ಕುಳಿತು, ಕೆನ್ನೆಗೆ ಕೈಕೊಟ್ಟು ಚಿಂತಿಸುವ ಏಸು. ಮುಳ್ಳಿನ ಕಿರೀಟ ಇದೆ, ಆದರೆ ನೋವಿನ ಚೀರಾಟವಿಲ್ಲ. ಬಿತ್ತನೆ ಮುಗಿಸಿ ಬದುವಿನ ಮೇಲೆ ಕೂತು ಮೋಡ ನೋಡುವ ರೈತನ ಭಂಗಿ ಅದು. ದಾರಿಯ ಕವಲಿನಲ್ಲಿ, ಮನೆಯ ಅಂಗಳದಲ್ಲಿ ಕಂಬವನ್ನೋ ಶಿಲುಬೆಯನ್ನೋ ನೆಟ್ಟು ಇಂಥ ಮೂರ್ತಿಗಳಿಗೆ ಪುಟ್ಟ ಮಾಡು ಕಟ್ಟಿ ಇಡುತ್ತಿದ್ದರು. ವಿಂಸಾಸ್ ಸ್ವಿರ್ಸ್ಕಿಸ್ (1835–1916) ಎಂಬಾತ ಊರೂರು ತಿರುಗುತ್ತಾ ಹೀಗೆ ಕೆತ್ತಿಕೊಂಡೇ ಬಾಳಿದ. ಕೆತ್ತಿದವರಲ್ಲಿ ಬಹಳಷ್ಟು ಮಂದಿಯ ಹೆಸರು ಸಹ ಉಳಿದಿಲ್ಲ. ತ್ಸಾರ್ ಕಾಲದಲ್ಲಿ ಹೊಸ ಶಿಲುಬೆ ನೆಡುವುದಕ್ಕೆ ತಡೆ ಬಂತು, ಸೋವಿಯತ್ ಕಾಲದಲ್ಲಿ ಕಿತ್ತು ಹಾಕಿದರು, ಜನ ಮತ್ತೆ ಮತ್ತೆ ನೆಟ್ಟರು. ಲಿಥುವೇನಿಯಾದ ಶಿಲುಬೆ ಕೆತ್ತುವ ಕಸುಬನ್ನು ಯುನೆಸ್ಕೊ 2001ರಲ್ಲಿ ಮನುಕುಲದ ಪರಂಪರೆ ಎಂದು ಸಾರಿತು.

ಗೋಡೆಯೊಳಗೆ ಬಚ್ಚಿಟ್ಟ ನಿಧಿಯ ಕಥೆ ನಿಜವೇ?

ನಿಜ. ನಿಧಿ ಸಿಕ್ಕಿದ್ದು ಈ ಕಟ್ಟಡದಲ್ಲಲ್ಲ, ಹತ್ತಿರದ ದೊಡ್ಡ ಚರ್ಚಿನಲ್ಲಿ. 1939ರಲ್ಲಿ ಯುದ್ಧ ಶುರುವಾದಾಗ ಅಲ್ಲಿನ ಪಾದ್ರಿಗಳು ಚಿನ್ನ ಬೆಳ್ಳಿಯ ಪೂಜಾ ಸಾಮಗ್ರಿಗಳನ್ನು ಗೋಡೆಯೊಳಗೆ ಇಟ್ಟು ಮುಚ್ಚಿಬಿಟ್ಟರು. ಸೋವಿಯತ್ ಕಾಲದಲ್ಲಿ ಆ ಚರ್ಚನ್ನು ಚಿತ್ರಶಾಲೆಯನ್ನಾಗಿ ಮಾಡಿದ್ದರು. 1985ರಲ್ಲಿ ಗೋಡೆಯೊಳಗಿನ ಗಂಟು ಸಿಕ್ಕಿತು. ಕಂಡವರು ಬಾಯಿ ಬಿಡಲಿಲ್ಲ. ಸುದ್ದಿ ಮಾಸ್ಕೋಗೆ ಮುಟ್ಟಿದ್ದರೆ ವಸ್ತುಗಳೂ ಅಲ್ಲಿಗೇ ಹೋಗುತ್ತಿದ್ದವು ಎಂಬ ಭಯ. 1990ರಲ್ಲಿ ದೇಶ ಸ್ವತಂತ್ರವಾದ ಮೇಲೂ ಕೆಲವು ವರ್ಷ ಗುಟ್ಟು ಗುಟ್ಟಾಗಿಯೇ ಇತ್ತು. ಕೊನೆಗೆ 1999ರಲ್ಲಿ ಈ ಹಳೆಯ ಶಸ್ತ್ರಾಗಾರದಲ್ಲೇ ಲಿಥುವೇನಿಯಾದ ಕ್ರೈಸ್ತ ಕಲೆಯ ದೊಡ್ಡ ಪ್ರದರ್ಶನ ಏರ್ಪಟ್ಟಾಗ ಜನ ಅವುಗಳನ್ನು ಕಣ್ಣಾರೆ ಕಂಡರು. ಅರವತ್ತು ವರ್ಷ ಕತ್ತಲಲ್ಲಿ ಇದ್ದ ವಸ್ತುಗಳು! ಈಗ ಅವನ್ನು ನೋಡಬೇಕಾದರೆ ಹಳೆಯ ಊರಿನಲ್ಲೇ, ಸಂತ ಮೈಕೇಲರ ಚರ್ಚಿನಲ್ಲಿರುವ ಚರ್ಚ್ ಪರಂಪರೆಯ ಸಂಗ್ರಹಾಲಯಕ್ಕೆ ಹೋಗಬೇಕು.

ಕೋಣೆಗಳಲ್ಲಿ ಯಾಕೆ ಇಷ್ಟು ಮಬ್ಬು? ದೀಪ ಹಾಕಬಾರದೇ?

ಬೆಳಕು ಬಟ್ಟೆಯನ್ನು ತಿನ್ನುತ್ತದೆ. ರೇಷ್ಮೆ, ಉಣ್ಣೆ, ಬಣ್ಣದ ಕಾಗದಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ಸಂಗ್ರಹಾಲಯಗಳು ನೋಡಿಕೊಳ್ಳುತ್ತವೆ. ಲಕ್ಸ್ ಅಂದರೆ ಬೆಳಕಿನ ಅಳತೆ. ದೇವರಮನೆಯಲ್ಲಿ ದೀಪ ಹಚ್ಚಿ ಕೂತಷ್ಟು ಬೆಳಕು ಎಂದುಕೊಳ್ಳಿ. ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು, ಮತ್ತೆ ಕತ್ತಲಲ್ಲಿ ಇಟ್ಟರೆ ಹೋದ ಬಣ್ಣ ಬರುವುದಿಲ್ಲ. ಆದ್ದರಿಂದಲೇ ಬಟ್ಟೆಗಳನ್ನು ಕೆಲವು ತಿಂಗಳು ತೋರಿಸಿ ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ. ಒಳಗೆ ಹೋದ ಕೂಡಲೇ ಏನೂ ಕಾಣದಿದ್ದರೆ ಐದು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ಫೋಟೊ ತೆಗೆಯುವವರು ಫ್ಲ್ಯಾಶ್ ಆಫ್ ಮಾಡಿಕೊಳ್ಳಿ.

ಕೆಲವು ಬೆಳ್ಳಿ ಸಾಮಾನು ಕಪ್ಪಗಿವೆ. ತೊಳೆಯುವುದಿಲ್ಲವೇ?

ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಗುಲಿ ಕಪ್ಪು ಪದರ ಕಟ್ಟುತ್ತದೆ. ಪ್ರತಿ ಸಲ ಉಜ್ಜಿದಾಗಲೂ ಆ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ನೂರು ಸಲ ಉಜ್ಜಿದ ಬಟ್ಟಲಿನಲ್ಲಿ ಕೊರೆದ ಗೆರೆ ಸವೆದು, ಒತ್ತುಗುರುತು ಅಳಿಸಿ, ಯಾರು ಮಾಡಿದ್ದೆಂದೇ ತಿಳಿಯದಂತಾಗುತ್ತದೆ. ಕುಸುರಿಯ ಆಳದಲ್ಲಿ ಕಪ್ಪನ್ನು ಬೇಕೆಂದೇ ಬಿಡುವುದೂ ಉಂಟು, ಉಬ್ಬು ಎದ್ದು ಕಾಣಲಿ ಎಂದು. ನಿಮ್ಮ ಮನೆಯ ಹಳೆಯ ಬೆಳ್ಳಿ ದೀಪಗಳಿಗೂ ಇದೇ ಮಾತು. ಹಬ್ಬ ಬಂತೆಂದು ಹಲ್ಲುಪುಡಿ, ಸಬೀನಾ ಹಾಕಿ ತಿಕ್ಕಬೇಡಿ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಗಾಳಿ ಆಡದಂತೆ ಸುತ್ತಿಡಿ.

ಅಂಬರ್ ಇದೆಯೇ? ಲಿಥುವೇನಿಯಾ ಅಂದರೆ ಅಂಬರ್ ಅಲ್ಲವೇ?

ಅಂಬರಿಗೆ ಇದೇ ಸಂಸ್ಥೆಯ ಬೇರೊಂದು ಶಾಖೆಯಿದೆ, ಸಮುದ್ರ ತೀರದ ಪಾಲಂಗಾ ಊರಿನಲ್ಲಿ. ಅಂಬರ್ ಕಲ್ಲಲ್ಲ, ಕೋಟಿಗಟ್ಟಲೆ ವರ್ಷಗಳ ಹಿಂದೆ ಮರದಿಂದ ಸುರಿದ ಅಂಟು. ಒಳಗೆ ಸಿಕ್ಕಿಕೊಂಡ ನೊಣ, ಸೊಳ್ಳೆಗಳು ಹಾಗೆಯೇ ಕಾಣುತ್ತವೆ. ಅದಕ್ಕೊಂದು ದಿನ ಬೇರೆಯೇ ಇಟ್ಟುಕೊಳ್ಳಿ.

ಟಿಕೆಟ್, ಸಮಯ, ರಜೆ?

ಹೊರಡುವ ದಿನ ಸಂಗ್ರಹಾಲಯದ ಜಾಲತಾಣ ನೋಡಿಯೇ ಹೊರಡಿ, ಪ್ರದರ್ಶನ ಬದಲಿಸುವಾಗ ಕೋಣೆಗಳು ಮುಚ್ಚಿರುತ್ತವೆ. ಹಣ ಯೂರೊ. ವಿದ್ಯಾರ್ಥಿಗಳು ಗುರುತಿನ ಚೀಟಿ ಮರೆಯಬೇಡಿ. ಚಳಿಗಾಲದಲ್ಲಿ ದಪ್ಪ ಕೋಟು, ಬೆನ್ನುಚೀಲಗಳನ್ನು ಬಾಗಿಲಲ್ಲೇ ಕೊಟ್ಟು ಹೋಗುವುದು ಆ ದೇಶದ ರೂಢಿ.

ಎಷ್ಟು ಹೊತ್ತು ಬೇಕು? ಮಕ್ಕಳನ್ನು ಕರೆದೊಯ್ಯಬಹುದೇ?

ಎರಡು ಗಂಟೆ ಸಾಕು. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಅವರಿಗೆ ಇತಿಹಾಸ ಹೇಳಬೇಡಿ, "ಇದನ್ನು ಯಾವುದಕ್ಕೆ ಬಳಸುತ್ತಿದ್ದರು ಹೇಳು ನೋಡೋಣ" ಎಂದು ಕೇಳಿ. ನಮ್ಮ ಅಕ್ಕನ ಮಗಳು ಎಂಟು ವರ್ಷದವಳು, ಒಂದು ಮುಚ್ಚಳದ ಬಟ್ಟಲನ್ನು ನೋಡಿ "ಅಜ್ಜಿಯ ಕುಂಕುಮದ ಭರಣಿ" ಎಂದಳು. ಅದು ಸಕ್ಕರೆ ಇಡುವ ಡಬ್ಬಿ. ಮುಚ್ಚಳ, ಹಿಡಿ, ಕೈಗೆ ಕೂರುವ ಅಳತೆ, ಅಮೂಲ್ಯವಾದದ್ದನ್ನು ಇಡುವುದಕ್ಕೆ ಎಂಬುದು, ಎಲ್ಲವನ್ನೂ ಅವಳು ಸರಿಯಾಗಿಯೇ ಓದಿದ್ದಳು.

ನೋಡಿ ಮುಗಿದ ಮೇಲೆ ಹತ್ತಿರದಲ್ಲಿ ಇನ್ನೇನಿದೆ?

ಗುಡ್ಡ ಹತ್ತಿ ಗೆದಿಮಿನಾಸ್ ಗೋಪುರದಿಂದ ಊರು ನೋಡಿ. ಹತ್ತಲಾಗದವರಿಗೆ ಶಸ್ತ್ರಾಗಾರಗಳ ಅಂಗಳದ ಬಳಿಯಿಂದಲೇ ಹಳಿಯ ಮೇಲೆ ಏರುವ ಪುಟ್ಟ ಡಬ್ಬಿಗಾಡಿ ಇದೆ. ಕೆಳಗೆ ಕೆಡವಿದ್ದ ಅರಮನೆಯನ್ನು 21ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದಾರೆ, ಅಗೆತದಲ್ಲಿ ಸಿಕ್ಕ ಬಣ್ಣದ ಒಲೆಹೆಂಚುಗಳನ್ನು ಅಲ್ಲಿ ನೋಡಲು ಮರೆಯಬೇಡಿ.

ನಮ್ಮ ಕರ್ನಾಟಕದಲ್ಲಿ ಇಂಥದ್ದು ಇದೆಯೇ?

ಶಸ್ತ್ರಾಗಾರಗಳಿವೆ. ಚಿತ್ರದುರ್ಗದಂಥ ಕೋಟೆಗಳಲ್ಲಿ ಮದ್ದಿನ ಮನೆ ಎಂದು ತೋರಿಸುತ್ತಾರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಇಟ್ಟಿಗೆ ಗಾರೆಯ ಶಸ್ತ್ರಾಗಾರಗಳು ಹಲವು ಉಳಿದಿವೆ. ಅವುಗಳಲ್ಲಿ ಒಂದು, ಜೋಡಿ ರೈಲುಹಳಿ ಹಾಕುವ ಕೆಲಸಕ್ಕೆ ಅಡ್ಡ ಬಂದಾಗ ಅದನ್ನು ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನೇ ಜಾಕ್‌ಗಳ ಮೇಲೆ ಎತ್ತಿ ನೂರು ಮೀಟರ್‌ಗೂ ದೂರ ಸರಿಸಿ ಕೂರಿಸಿದರು. ಗೋಡೆ ಬಿರಿಯದಂತೆ ಒಂದು ಶಸ್ತ್ರಾಗಾರವನ್ನು ನಡೆಸಿಕೊಂಡು ಹೋದ ನಾಡು ನಮ್ಮದು. ಅಂಥ ಒಂದು ಮನೆಯೊಳಗೆ ಚನ್ನಪಟ್ಟಣದ ಅರಗಿನ ಬಣ್ಣ, ಕಿನ್ನಾಳದ ಮರದ ಕೆಲಸ, ಕಸೂತಿ, ಇಳಕಲ್ ಸೆರಗುಗಳನ್ನು ಮಬ್ಬು ಬೆಳಕಿನಲ್ಲಿ ಮರ್ಯಾದೆಯಿಂದ ಇಟ್ಟು ತೋರಿಸಬೇಕೆಂಬುದು ನನ್ನ ದೊಡ್ಡ ಆಸೆ.

ಅಲ್ಲಿಯವರೆಗೆ ಬೀದರಿಗೆ ಹೋಗಿ ಬನ್ನಿ. ಬಿದರಿ ಕೆಲಸದವರು ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಯಲ್ಲಿ ಹೂಜಿಯನ್ನು ಕಪ್ಪಾಗಿಸಲು ನವಸಾಗರದ ಜೊತೆ ಒಂದು ಮಣ್ಣು ಬೇಕು. ಮಳೆ ಬಿಸಿಲು ಬೀಳದೆ ನೂರಾರು ವರ್ಷ ಕೋಟೆಯ ಗೋಡೆಗಳ ಮರೆಯಲ್ಲಿದ್ದ ಮಣ್ಣು. ಕಸುಬಿನವರು ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಆ ಮಣ್ಣಿನ ನೀರಿನಲ್ಲಿ ಅದ್ದಿದಾಗ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.